ಅರವತ್ತೈದು ಕಾಳು

ಬಲಜೇಬಿನ ತುಂಬ ತೊಗರಿ.
ಹುಡುಗ ಒಂದು ಚೆಂಡು ಎಸೆದರೆ
ಒಂದು ಕಾಳು ಎಡಜೇಬಿಗೆ.
ಇಷ್ಟೇ ನನ್ನ ಕೆಲಸ, ಶನಿವಾರ ಸಂಜೆ,
ಕೊನ್ಸುಯೆಲೊದ ಸಕ್ಕರೆ ಕಾರ್ಖಾನೆಯ ಹಿಂದೆ,
ಕಬ್ಬಿನ ಕೂಳೆಗೆ ತಾಗಿದ ಬೇಸ್‌ಬಾಲ್ ಬಯಲಲ್ಲಿ.

ಉಳಿದ ಹೊತ್ತು ಬಾಡಿಗೆ ಬೈಕು.
ಎಡಕ್ಕೆ ಹೊರಳುವಾಗ ಹಿಂದೆ ಕೂತವರ ಬೈಗುಳ:
"ನಾರ್ಸಿಸೊ, ಕೈ ನೆಟ್ಟಗೆ ಮಾಡಯ್ಯ!"
ಆಗದು. ನನ್ನ ಬಲಗೈ
ಹದಿನೈದನೆಯ ವಯಸ್ಸಿನಲ್ಲೇ ನಿಂತಿದೆ,
ಪೂರ್ತಿ ತೆರೆಯದ ಬಾಗಿಲು.
ಊರಿಗೆಲ್ಲ ಒಂದು ಮಾರೆಂದರೆ ಒಂದು ಮಾರು,
ನನ್ನದು ಒಂದು ಗೇಣು ಕಡಿಮೆ.
ಹಗ್ಗ ಅಳೆಯಲು ನನ್ನನ್ನು ಕರೆದರೆ
ಅಂಗಡಿಯವನಿಗೆ ಲಾಭ.

ಆಗ ಯಾರೂ ಎಣಿಸುತ್ತಿರಲಿಲ್ಲ.
ಶಾಲೆಗೆ ಮುಂಚೆ ಎಸೆತ, ಶಾಲೆ ತಪ್ಪಿಸಿ ಎಸೆತ,
ಭಾನುವಾರದ ಪೂಜೆ ಮುಗಿದದ್ದೇ ತಡ, ಎಸೆತ.
ಚೆಂಡಿಲ್ಲದಿದ್ದರೆ ಹಸಿ ನಿಂಬೆ, ಕಾಲುಚೀಲದ ಉಂಡೆ.
ನೋವೆಂದರೆ ಮೆರೆಹಿಲ್ಡೊ ಮೇಷ್ಟ್ರು
ಕುದುರೆಗೆ ಹಚ್ಚುವ ಎಣ್ಣೆ ತಿಕ್ಕಿ
"ಕೈ ಬಲೀತಾ ಇದೆ ಮಗನೆ" ಅನ್ನುವರು.
ಕೆಟ್ಟವರಲ್ಲ. ತಮ್ಮ ಅನ್ನದಲ್ಲಿ ಅರ್ಧ
ನನ್ನ ತಟ್ಟೆಗೇ ಹಾಕುತ್ತಿದ್ದರು.
ಒಂದು ದಿನ ಒಳಗೆ ಟಪ್ ಎಂದಿತು,
ಹುರುಳಿಕಾಯಿ ಮುರಿದಷ್ಟು ಸಣ್ಣ ಸದ್ದು.
ಕೇಳಿಸಿದ್ದು ನನಗೊಬ್ಬನಿಗೇ.

ಈಗ ನನ್ನ ತಂಗಿಯ ಮಗ ಯೂಡಿ. ಹದಿಮೂರು.
ಹೋದ ವರ್ಷ ರಾಜಧಾನಿಯಲ್ಲಿ ಡಾಕ್ಟರಮ್ಮ
ಅವನ ತೋಳಿನ ಎಕ್ಸ್‌ರೇ ಕಿಟಕಿಗೆ ಹಿಡಿದರು.
ಎಲುಬಿನ ತುದಿಯಲ್ಲಿ ಒಂದು ಕರಿಗೆರೆ.
"ಬಿರುಕಾ?" ಅಂದೆ. ಗಂಟಲು ಒಣಗಿತ್ತು.
"ಅಲ್ಲ. ಬೆಳೆಯೋದೇ ಅಲ್ಲಿಂದ. ಇನ್ನೂ ಎಳಸು."
ಮೊಳಕೈಯೊಳಗೆ ಮೊಳಕೆ!
ಬೇಗ ಮರವಾಗಲೆಂದು
ಮೊಳಕೆಯನ್ನು ಹಿಡಿದು ದಿನಾ ಜಗ್ಗಿದೆವಲ್ಲ,
ನಾವೆಲ್ಲ ಸೇರಿ, ಚಪ್ಪಾಳೆ ತಟ್ಟಿ.

ಅರವತ್ತೈದು ಎಸೆತ, ಆಮೇಲೆ ನಾಲ್ಕು ದಿನ ಬಿಡುವು.
ವರ್ಷದಲ್ಲಿ ಮೂರು ತಿಂಗಳು ಚೆಂಡು ಮುಟ್ಟಬಾರದು:
ಓಡಲಿ, ಕಾಲ್ಚೆಂಡಾಡಲಿ, ಸುಮ್ಮನೆ ಬಿದ್ದಿರಲಿ.
ನೋವೆಂದರೆ ನಿಲ್ಲಬೇಕು, ಬಾಯಿಬಿಟ್ಟು ಹೇಳಬೇಕು.
ಚೀಟಿಯಲ್ಲಿ ಇದ್ದದ್ದು ಇಷ್ಟೇ, ಮಾತ್ರೆ ಒಂದೂ ಇಲ್ಲ.
ನನ್ನ ತಂಗಿ ಡಿಲೆನಿಯಾಗೆ ಅನುಮಾನ:
"ಇದಕ್ಕಾ ಅಷ್ಟು ದುಡ್ಡು ಕೊಟ್ಟದ್ದು?"

ಆ ಶನಿವಾರ ವೇಗದ ಪಿಸ್ತೂಲು ಹಿಡಿದು
ಹೊರಗಿನವನೊಬ್ಬ ಬಂದ. ಬಿಳಿ ಟೋಪಿ, ಸಣ್ಣ ಪುಸ್ತಕ.
ಅರವತ್ತೈದನೆಯದಕ್ಕೆ ಪಿಸ್ತೂಲು ಎಂಬತ್ತನಾಲ್ಕು ತೋರಿಸಿತು.
ಅವನು ಬರೆದುಕೊಂಡ. ಬೆರಳೆತ್ತಿದ: ಇನ್ನಷ್ಟು.

ಇಲ್ಲಿ ಸುಳ್ಳು ಹೇಳುವುದು ಸುಲಭ.
ಬಲಜೇಬು ಖಾಲಿಯಾಗಿತ್ತು.
ಕೊನೆಯ ಕಾಳು ಅಂಗೈ ಬೆವರಿಗೆ ಅಂಟಿ ಕೂತಿತ್ತು,
ನಾನು ಕೂರಲು ಬಿಟ್ಟೆ.
ಅದು ಎಡಜೇಬಿಗೆ ಬೀಳದಿದ್ದರೆ
ಲೆಕ್ಕ ಮುಗಿದಿಲ್ಲ, ಅಲ್ಲವೇ?
ಒಂದು. ಎರಡು. ತಂಗಿಗೆ ತಗಡಿನ ಬದಲು ಆರ್‌ಸಿಸಿ ಮನೆ. ಮೂರು.

ಆಗ ಯೂಡಿ ತೋಳು ಕೊಡವಿಕೊಂಡ,
ಕೈತೊಳೆದು ನೀರು ಝಾಡಿಸಿದ ಹಾಗೆ.
ಬೇರೆ ಯಾರಿಗೂ ಅದು ಏನೂ ಅಲ್ಲ.

ಬಯಲ ನಡುವಿಗೆ ನಡೆದೆ.
ಮೇಷ್ಟ್ರು ಕೂಗಿದರು, ಟೋಪಿಯವ ಪುಸ್ತಕ ಮುಚ್ಚಿದ,
ಹುಡುಗ ನೆಲ ನೋಡುತ್ತ ಚೆಂಡು ಕೊಟ್ಟ.
ಬೈಕಿನಲ್ಲಿ ಮನೆತನಕ ಒಂದೂ ಮಾತಿಲ್ಲ.
ತಿರುವಿನಲ್ಲಿ ಬೈಯಲೂ ಇಲ್ಲ.

ರಾತ್ರಿ ಡಿಲೆನಿಯಾ ತೆಂಗಿನಹಾಲಲ್ಲಿ
ಅದೇ ತೊಗರಿ ಬೇಯಿಸಿ ಅನ್ನಕ್ಕೆ ಕಲಸಿದಳು.
ಅರವತ್ತೈದನ್ನೂ ಉಂಡೆವು.
ಇಲ್ಲದ ಆ ಮೂರು ಮಾತ್ರ ನನ್ನ ಹಲ್ಲಿಗೆ ಸಿಕ್ಕವು.

ಮೂರು ತಿಂಗಳಿಗೆಂದು ಗ್ಲೌಸನ್ನು
ಬೀರುವಿನ ತಲೆಯ ಮೇಲೆ ಎಸೆದಿದ್ದಳು,
ನನ್ನ ಕೈಗೆ ಎಟುಕದಲ್ಲಿ.
ಇವತ್ತು ಯೂಡಿ ತುದಿಗಾಲಲ್ಲಿ ನಿಂತ.
ಬಲಗೈ ಮೇಲೆ ಹೋಯಿತು,
ಹೋಯಿತು, ನೆಟ್ಟಗೆ, ಎಲ್ಲೂ ತಡೆಯದೆ.
ಗ್ಲೌಸು ಇಳಿಸಿ, ಧೂಳು ಒರೆಸಿ, ಎಣ್ಣೆ ಸವರಿ
ಮತ್ತೆ ಅಲ್ಲೇ ಇಟ್ಟ.
"ಇನ್ನು ಎಷ್ಟು ದಿನ?" ಅಂದ,
ಮೂರು ದಿನದ ಮೇಲೆ ಮೊದಲ ಮಾತು.

ನನಗೆ ಗೊತ್ತಿತ್ತು. ಆದರೂ ಗೋಡೆಯ ಕ್ಯಾಲೆಂಡರಿನ ಮುಂದೆ
ಬೆರಳಿಟ್ಟು, ನಿಧಾನಕ್ಕೆ,
ಎಣಿಸತೊಡಗಿದೆ.